ಕರಿಬೀಜ

ತೊಳೆಸಿಕೊಳ್ಳಲು ಹೋಗುವ ಮುನ್ನ
ಕಾಲು ತೊಳೆದುಕೊಂಡೆ.
ಹೆಂಚಿನ ಚೂರಲ್ಲಿ ತಿಕ್ಕಿ,
ಹಿಮ್ಮಡಿಯ ಬಿರುಕಿಗೆ ಹರಳೆಣ್ಣೆ ಹಚ್ಚಿ.
ಮಗಳು ಬಾಗಿಲಲ್ಲೇ ನಕ್ಕಳು:
"ಫಾದರ್‌ಗೆ ಕೆಲಸವನ್ನೇ ಉಳಿಸಲಿಲ್ಲವಲ್ಲಮ್ಮ."

ಪವಿತ್ರ ಗುರುವಾರ. ಹನ್ನೆರಡು ಮಂದಿಯಲ್ಲಿ ನಾನೊಬ್ಬಳು.
ಉಪದೇಶಿ ಹೆಸರು ಬರೆದುಕೊಳ್ಳಲು ಬಂದಾಗ
ಬೇಡ ಅಂದಿದ್ದೆ. ಹೆಂಗಸರ ಕಾಲು ಯಾಕೆ,
ಅದೂ ಕ್ಯೂರಿಂಗ್ ವರ್ಕ್ಸಿನವಳ ಕಾಲು.
"ಪೇತ್ರನೂ ಬೇಡ ಅಂದಿದ್ದ, ಲೂರ್ದಮ್ಮ"
ಎಂದು ಪುಸ್ತಕ ಮುಚ್ಚಿದರು.

ಇಪ್ಪತ್ತಮೂರು ವರ್ಷ
ಹಾಸನದ ಬಿ.ಎಂ. ರಸ್ತೆಯ ಉದ್ದನೆ ಶೆಡ್ಡಿನಲ್ಲಿ
ಕಾಫಿಬೀಜ ಆರಿಸಿದ್ದೇನೆ.
ಕರಿದು, ಒಡೆದದ್ದು, ಹುಳ ಕೊರೆದದ್ದು ಎಡಕ್ಕೆ.
ಒಳ್ಳೆಯದು ಬಲಕ್ಕೆ.
ಬೆರಳಿಗೆ ಕಣ್ಣು ಬಂದು ಬಹಳ ಕಾಲವಾಯಿತು.
ಮೊರದಲ್ಲಿ ಅಕ್ಕಿ ಹರಡಿದರೂ,
ಬೀದಿಯಲ್ಲಿ ಜನ ಕಂಡರೂ
ತಾನಾಗಿ ಎಡ, ಬಲ.

ನನ್ನ ಎಡಕ್ಕೆ ಎಂದೋ ಬಿದ್ದವನು
ತೂಕದ ಚೌರಪ್ಪ.
ಸಂಜೆ ಚೀಲ ಇಟ್ಟರೆ, ಮುಳ್ಳು ನಿಲ್ಲುವ ಮೊದಲೇ
"ಮೂವತ್ತೊಂಬತ್ತು" ಎನ್ನುವವನು, ನಲವತ್ತಿದ್ದರೂ.
ದಿನಕ್ಕೊಂದು ಕೇಜಿ.
ಓದಿದವಳಲ್ಲ ನಾನು, ಆದರೆ
ಹನ್ನೊಂದು ವರ್ಷದ ಆ ಒಂದೊಂದು ಕೇಜಿಯನ್ನು
ರಾತ್ರಿ ಮಲಗಿ ಕೂಡಿದ್ದೇನೆ.
ಮಗಳ ಕಾಲೇಜಿನ ಮೊದಲ ಫೀಸಿಗೆ ಸಾಲುತ್ತಿತ್ತು.

ಪೀಠದ ಕೆಳಗೆ ಸಾಲಾಗಿ ಕುರ್ಚಿ ಹಾಕಿದ್ದರು.
ಏಳನೆಯದರಲ್ಲಿ ಅವನು.
ಎಂಟನೆಯದು ನನ್ನದು.

ಮುಖ ನೋಡಲಾರದೆ ಕಾಲು ನೋಡಿದೆ.
ಹೆಬ್ಬೆರಳಿಗೆ ಉಗುರಿಲ್ಲ.
ಯಾವ ಮೂಟೆ, ಯಾವ ವರ್ಷ ಬಿದ್ದದ್ದೋ.
ಹಿಮ್ಮಡಿಗೆ ಅವನೂ ಎಣ್ಣೆ ಹಚ್ಚಿ ಬಂದಿದ್ದ.
ಹರಳೆಣ್ಣೆಯೇ. ವಾಸನೆ ಬಂತು.

ಫಾದರ್‌ಗೆ ಮಂಡಿನೋವು.
ಸೊಂಟಕ್ಕೆ ಟವೆಲ್ ಸುತ್ತಿ, ಕುರ್ಚಿಗೊಮ್ಮೆ ಸಣ್ಣಗೆ ನರಳಿ
ನೆಲಕ್ಕಿಳಿಯುತ್ತಿದ್ದರು.
ಅನ್ನ ಬಸಿಯುವಂಥ ಸ್ಟೀಲ್ ಬೋಗುಣಿ.
ಚೌರಪ್ಪನ ಕಾಲಿಂದ ಇಳಿದ ನೀರು ಅದರಲ್ಲೇ ಇತ್ತು,
ಅದರ ಮೇಲೆಯೇ ನನ್ನ ಕಾಲು ಹಿಡಿದರು.
ಅದೇ ಟವೆಲ್ಲು. ಅವನ ಒದ್ದೆ
ನನ್ನ ಬೆರಳ ಸಂದಿಗೆ ತಗುಲಿತು.

ಆ ರಾತ್ರಿ ಯೂದನೂ ಕೂತಿದ್ದ.
ಎಷ್ಟನೆಯವನಾಗಿ ಎಂದು ಯಾರೂ ಬರೆದಿಟ್ಟಿಲ್ಲ.
ಏಳನೆಯವನೋ, ಎಂಟನೆಯವನೋ.
ಯಾವುದು ಕರಿದೆಂದು ಸ್ವಾಮಿಗೆ
ನನಗಿಂತ ಚೆನ್ನಾಗಿ ಗೊತ್ತಿತ್ತು.
ಆ ಹಿಮ್ಮಡಿ ಸಿಕ್ಕಾಗ ಕೈ ಒಂದು ಚಣ ನಿಂತಿತೋ ಏನೋ.
ನಿಂತರೂ, ಎಡಕ್ಕೆ ಸರಿಸಲಿಲ್ಲ.
ತೊಳೆದ. ಒರೆಸಿದ.
ಯೂದ ಕತ್ತಲೆಗೆ ಎದ್ದು ಹೋದದ್ದು
ತೊಳೆದ ಕಾಲಲ್ಲೇ.

ಸಿಟ್ಟು ಬಂತು ನನಗೆ, ನಿಜ ಹೇಳುತ್ತೇನೆ.
ಒಂದು ಕರಿಬೀಜ ಸಾಕಲ್ಲ ಸ್ವಾಮಿ,
ಇಡೀ ಪಾತ್ರೆಯ ಡಿಕಾಕ್ಷನ್ ಕೆಡಿಸಲು?
ಹೀಗೆ ಆರಿಸದೆ ಬಿಟ್ಟರೆ
ನನ್ನ ಇಪ್ಪತ್ತಮೂರು ವರ್ಷ ಯಾಕೆ?

ಉತ್ತರವಿಲ್ಲ.
ಗಂಟೆಗಳು ಆಗಲೇ ಮೌನಕ್ಕೆ ಹೋಗಿದ್ದವು.
ಹುಡುಗನೊಬ್ಬ ಮರದ ಗಿಲಕಿ ಆಡಿಸುತ್ತಿದ್ದ,
ಕಟಕಟ, ಕಟಕಟ.
ಪೀಠದ ಬಟ್ಟೆ ಎಳೆದು ಮಡಿಸಿಟ್ಟರು.

ಶನಿವಾರ ಅರ್ಧ ದಿನ ಕೆಲಸ.
ಚರ್ಚಿನಲ್ಲಿ ಪ್ರಸಾದದ ಪೆಟ್ಟಿಗೆ ಬರಿದು, ಬಾಗಿಲು ತೆರೆದೇ ಇದೆ.
ಸಕಲೇಶಪುರದ ಕಡೆ ಮಳೆಯಾಗಿ ಒಂಬತ್ತು ದಿನ.
ಅಲ್ಲಿಂದ ಬಂದ ಲಾರಿಯ ಟಾರ್ಪಾಲಿಗೆಲ್ಲ
ಕಾಫಿ ಹೂವಿನ ವಾಸನೆ.

ಚೀಲ ಇಟ್ಟೆ.
ಮುಳ್ಳು ನೋಡಿದೆ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.
"ಹತ್ತೊಂಬತ್ತು" ಎಂದ, ಎಂದಿನಂತೆ.

"ಮುಳ್ಳು ನಿಲ್ಲಲಿ, ಚೌರಪ್ಪ."

ಹನ್ನೊಂದು ವರ್ಷಕ್ಕೆ ಮೊದಲ ಸಲ
ಅವನ ಹೆಸರು ನನ್ನ ಬಾಯಲ್ಲಿ ಬಂದದ್ದು.
ಗದರಿಸುವ ದನಿಯೇ ಇರಬೇಕೆಂದಿದ್ದೆ,
ಮಗಳಿಗೆ ಚಪ್ಪಲಿ ಹಾಕಿಕೋ ಎನ್ನುವ ದನಿ ಬಂತು.

ಪೆನ್ಸಿಲು ಕಿವಿಗೆ ಸಿಕ್ಕಿಸಿ ಅವನು ಬಗ್ಗಿದ.
ನಾನೂ ಬಗ್ಗಿದೆ.
ಮುಳ್ಳು ಇನ್ನೂ ತೂಗುತ್ತಿತ್ತು.