ಮೂವತ್ತಡಿ

ಮನೆಯ ಸುತ್ತ ಮೂವತ್ತಡಿ ಖಾಲಿ ಇರಬೇಕು, ಎಂದ
ಅರಣ್ಯ ಇಲಾಖೆಯ ಹುಡುಗ, ಟೇಪು ಎಳೆಯುತ್ತ.
ಟೇಪಿನೊಳಗೆ ಸಿಕ್ಕಿದವು:
ಕಟ್ಟಿಗೆಯ ಒಟ್ಟಲು, ಕೋಳಿಗೂಡು, ಅರ್ಧ ಬಚ್ಚಲು,
ಹೆಂಚಿನ ಮೇಲೆ ಮೊಣಕೈಯೂರಿ ನಿಂತ ಗೇರುಮರ.

ಕದಂಬ ಬಸ್ಸುಗಳ ಹೊಟ್ಟೆಯಡಿ
ಇಪ್ಪತ್ತೆಂಟು ವರ್ಷ ಅಂಗಾತ ಮಲಗಿ
ಎದ್ದು ಕಟ್ಟಿಸಿದ ಮನೆ, ವಾಳಪೈಯಿಂದ ಆಚೆ,
ರಸ್ತೆ ಮುಗಿದು ಕಾಡು ಶುರುವಾಗುವಲ್ಲಿ.
ಬೆಂಕಿಯೆಂದರೆ ನನಗೆ ಡೀಸೆಲ್ಲು, ವೈರು,
ಗೋಡೆಗೆ ತೂಗಿದ ಮರಳಿನ ಬಕೆಟ್ಟು. ಅಷ್ಟೆ.

"ಮರಾ ಕಡದ್ರ ನಾವs ಬೇಯತೀವಿ," ಅಂದಳು ಬಾಳವ್ವ.
"ಬೆಂಕಿ ಬಂದೀತು, ಬರದನೂ ಇದ್ದೀತು.
ಬಿಸಲು ದಿನಾ ಬರತೈತಿ."
ಹುಡುಗ ಇದನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಂಡನೋ.

ಮೇಲಿನ ತೋಟ ಪುತು ಗಾಂವಕರನದು.
ಪ್ರತಿ ಫೆಬ್ರವರಿ ತರಗೆಲೆ ಗುಡಿಸಿ ಕಡ್ಡಿ ಗೀರುತ್ತಾನೆ,
ಉದುರಿದ ಗೇರುಹಣ್ಣು ಕಣ್ಣಿಗೆ ಬೀಳಲಿ ಎಂದು.
ಹೋದ ವರ್ಷ ನಾನೇ ದೂರು ಕೊಟ್ಟೆ,
ಕಿರಾಣಿ ಅಂಗಡಿಯವನ ಕೈಲಿ ಮರಾಠಿಯಲ್ಲಿ ಬರೆಸಿ.
ಅವನನ್ನು ಕರೆಸಿದರು, ಬೈದರು, ಬಿಟ್ಟರು.
ಆ ಬೇಸಿಗೆ ಅವರ ಮನೆಯ ಉರ್ರಾಕ್ ನಮ್ಮ ಮನೆಗೆ ಬರಲಿಲ್ಲ.
ಈ ಫೆಬ್ರವರಿ ಮತ್ತೆ ಸುಟ್ಟ,
ನಮ್ಮ ಬೇಲಿಯವರೆಗೂ, ಬೇಕಂತಲೇ.

ಮಾರ್ಚಿನಲ್ಲಿ ಗುಡ್ಡದಿಂದ ಇಳಿಯಿತು, ರಾತ್ರಿ.
ಮೊದಲು ಸದ್ದು,
ಯಾರೋ ಹೊಸ ಕಾಗದ ಮುದುರಿದ ಹಾಗೆ.
ಕರೆಂಟಿಲ್ಲ, ಪಂಪಿಲ್ಲ.
ಸಿಲಿಂಡರು ಉರುಳಿಸಿ ರಸ್ತೆಗೆ ಒಯ್ದೆ.
ಬಾಳವ್ವ ರೇಶನ್ ಕಾರ್ಡು, ಮಿಕ್ಸರು,
ಯಾಕೋ ಒಂದು ಲಟ್ಟಣಿಗೆ.
ಒಂದು ಹಾವು ಅಂಗಳ ದಾಟಿ ಹೋಯಿತು,
ನಮ್ಮ ಕಡೆ ನೋಡಲೂ ಇಲ್ಲ.
ಹಸಿ ಟೊಂಗೆ ಹಿಡಿದು ಹೊಡೆಯುತ್ತಿದ್ದವರಲ್ಲಿ ಪುತು ಮುಂದಿದ್ದ.
ಹೊಗೆಯಲ್ಲಿ ನಾನು ಅವನ ಬೆನ್ನನ್ನಷ್ಟೇ ಕಂಡೆ.

ಬೆಂಕಿ ಅವನು ಸುಟ್ಟ ಕರಿ ನೆಲದವರೆಗೆ ಬಂತು.
ತಿನ್ನಲು ಏನೂ ಇರಲಿಲ್ಲ.
ಸ್ವಲ್ಪ ಹೊತ್ತು ಅಲ್ಲೇ ಕೂತು, ಆರಿತು.

ಬೆಳಿಗ್ಗೆ ಅದೇ ಹುಡುಗ, ಬೇರೆ ಫಾರಮ್ಮು.
ಎಲ್ಲಿಂದ ಹತ್ತಿತು?
ಪುತು ನನ್ನನ್ನೇ ನೋಡುತ್ತಿದ್ದ, ಹುಬ್ಬು ಸುಟ್ಟಿತ್ತು.
ಅವನದೇ ಕಡ್ಡಿಯೋ, ದನ ಕಾಯುವವರ ಬೀಡಿಯೋ,
ನನಗೆ ಗೊತ್ತಿಲ್ಲ, ಇವತ್ತಿಗೂ.
"ಮೇಲಿನಿಂದ," ಅಂದೆ.
"ಮೇಲೆ ಅಂದರೆ?"
ಗುಡ್ಡದ ಕಡೆ ಕೈ ತೋರಿಸಿದೆ. ಗುಡ್ಡ ದೊಡ್ಡದು.

ಮೂವತ್ತಡಿ ಇನ್ನೂ ಆಗಿಲ್ಲ.
ಕಟ್ಟಿಗೆ ಸರಿಸಿದೆ. ಕೋಳಿಗಳು ಹೊಸ ಗೂಡಿಗೆ ಒಲ್ಲೆನ್ನುತ್ತವೆ.
ಗೇರುಮರ ಅಲ್ಲೇ ಇದೆ,
ಒಂದು ಮೊಣಕೈ ಕಡಿಮೆ.
ಕೊಯ್ಯಲು ಗರಗಸ ಕೊಟ್ಟವನು ಪುತು.
ಕೂಲಿ ಕೇಳಲಿಲ್ಲ, ಟೊಂಗೆ ಮಾತ್ರ ಹೊತ್ತುಕೊಂಡು ಹೋದ,
ಭಟ್ಟಿಯ ಒಲೆಗೆ.