ಹಿಟ್ಟಿನ ಡಬ್ಬಿಯ ಹಿಂದೆ

ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ
ಮಡಚುವ ಕುರ್ಚಿಗಳನ್ನು ಬಿಡಿಸಿಡುವುದು ನನ್ನ ಕೆಲಸ.
ಕಾಫಿಯೂ ನನ್ನದೇ. ನೀರು ನೀರು ಎಂದು ಬೈಯುತ್ತಲೇ
ಎಲ್ಲರೂ ಎರಡೆರಡು ಲೋಟ ಕುಡಿಯುತ್ತಾರೆ.

ಕೆಂಟಕಿಯ ಈ ಕಣಿವೆಯಲ್ಲಿ ಗಣಿ ಮುಚ್ಚಿ ಹದಿನಾಲ್ಕು ವರ್ಷ.
ಮೊದಲು ಗಂಡಸರ ಬೆನ್ನು ಹೋಯಿತು,
ಬೆನ್ನಿಗೆಂದು ಮಾತ್ರೆ ಬಂತು,
ಬಂದ ಮಾತ್ರೆ ಮನೆಯ ಯಜಮಾನನಾಗಿ ಕೂತಿತು.
ಯಾರ ಮನೆಯಲ್ಲಿ ಎಂದು ಕೇಳಬೇಡಿ.
ಯಾರ ಮನೆಯಲ್ಲಿ ಇಲ್ಲ ಎಂದು ಕೇಳಿ,
ಎಣಿಕೆ ಬೇಗ ಮುಗಿಯುತ್ತದೆ.

ಅದಕ್ಕೇ ಈ ಒಕ್ಕೂಟ: ಔಷಧಿ ಅಂಗಡಿಯ ಥರ್ಮನ್,
ನರ್ಸ್ ಆರ್ಲೀನ್, ಪೊಲೀಸಿನ ಡ್ವೇನ್,
ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಪಾದ್ರಿಗಳು,
ಶಾಲೆಯ ಅಡುಗೆಯವಳು ನಾನು.
ಮಕ್ಕಳ ಬಗ್ಗೆ ಆರು ವರ್ಷ ಮಾತಾಡಿದೆವು
ಮಕ್ಕಳಿಲ್ಲದ ಕೋಣೆಯಲ್ಲಿ.
'ಬೇಡ' ಅನ್ನುವ ಒಂದೇ ಪದಕ್ಕೆ
ಎಷ್ಟು ಬಣ್ಣದ ಪೋಸ್ಟರು!

ಒಂದು ದಿನ ಟೆಸ್ಸಾ ಬಂದಳು, ಸೊಂಟದ ಮೇಲೆ ತಮ್ಮ.
ಹದಿನಾರು ವರ್ಷ. ನನ್ನ ಸಾಲಿನಲ್ಲಿ ನಿಂತು
ಒಂದು ಹಾಲಿನ ಪೊಟ್ಟಣ ತಟ್ಟೆಗೆ, ಒಂದು ತೋಳಿನೊಳಗೆ
ಇಳಿಸಿಕೊಳ್ಳುವ ಹುಡುಗಿ.
ಆ ಹೊತ್ತಿಗೆ ಸರಿಯಾಗಿ ನನಗೆ ಸೌಟು ತೊಳೆಯುವ ಕೆಲಸ ಇರುತ್ತದೆ.

'ಶುಕ್ರವಾರ ರಾತ್ರಿ ಜಿಮ್ಮಿನ ಬಾಗಿಲು ತೆಗೆದಿಡಿ' ಅಂದಳು,
'ಒಂಬತ್ತರ ತನಕ. ಬೇರೇನೂ ಬೇಡ.'
ವಿಮೆ ಯಾರದು, ಕರೆಂಟು ಯಾರದು,
ಬೀಗ ಹಾಕಲು ಕಾಯುವ ಓಡೆಲನ ಮೊಣಕಾಲು ಯಾರದು,
ಏಳು ವಾರ ಇದೇ ಆಯಿತು.
ಬೀಗದ ಕೈ ಒಂದು, ಅದರ ಮೇಲೆ ಹನ್ನೊಂದು ಕೈ.

ಮೊದಲ ಶುಕ್ರವಾರ ನಾಲ್ಕು ಹುಡುಗರು, ಗಾಳಿ ಹೋದ ಒಂದು ಚೆಂಡು.
ಮೂರನೆಯದಕ್ಕೆ ಮೂವತ್ತು ಜನ,
ಮಕ್ಕಳ ಬೆನ್ನಿಗೆ ಅವರನ್ನು ಸಾಕುತ್ತಿರುವ ಅಜ್ಜಿಯರು.
ಆರ್ಲೀನ್ ಮೂಲೆಯಲ್ಲಿ ಬಿಪಿ ನೋಡತೊಡಗಿದಳು.
ಪಾದ್ರಿಗಳಿಬ್ಬರೂ ಒಂದೇ ಬೆಂಚಿನಲ್ಲಿ,
ನಡುವೆ ಒಂದು ತಟ್ಟೆ ಸೇಬು.

ಚೀಲದ ಯೋಚನೆ ಮಕ್ಕಳದೇ.
ಶನಿವಾರ ಮನೆಮನೆಗೂ ಹೋಗುವುದು,
ಬೀರುವಿನಲ್ಲಿ, ದಿಂಬಿನಡಿ ಉಳಿದ ಮಾತ್ರೆಗಳನ್ನು ಕೇಳುವುದು,
ಬೈದರೆ ಬೈಸಿಕೊಳ್ಳುವುದು.
ಡ್ವೇನ್ ಜೊತೆಗೆ ಬರಬೇಕು, ಟೋಪಿ ಕಾರಿನಲ್ಲಿ ಬಿಟ್ಟು,
ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು.
ಮಾತು ಮಾತ್ರ ಮಕ್ಕಳದು.

ನನ್ನ ಮನೆಗೂ ಬಂದರು.
'ನಿಮ್ಮಲ್ಲೇನೂ ಇರಲ್ಲ, ಗೊತ್ತು,
ಆದರೂ ಪಟ್ಟಿಯಲ್ಲಿದೆ' ಅಂದಳು ಟೆಸ್ಸಾ.
ಇಲ್ಲ ಅನ್ನಬಹುದಿತ್ತು. ಬಾಯಿಗೂ ಬಂದಿತ್ತು.

ಹಿಟ್ಟಿನ ಡಬ್ಬಿಯ ಹಿಂದೆ, ಒಂಬತ್ತು ವರ್ಷದಿಂದ,
ಕಿತ್ತಳೆ ಬಣ್ಣದ ಶೀಸೆ. ಎಂಬತ್ತಾರು ಮಾತ್ರೆ.
ನಾನು ನುಂಗಿದವಳಲ್ಲ, ಮಾರಿದವಳಲ್ಲ.
ತಿಂಗಳಿಗೊಮ್ಮೆ ಎಣಿಸಿ ಇಡುತ್ತಿದ್ದೆ.
ಮಂಗಳವಾರ ಕುರ್ಚಿ ಬಿಡಿಸುವಾಗಲೂ
ಅದು ಅಲ್ಲಿದೆಯೆಂದು ನನಗೆ ಗೊತ್ತಿತ್ತು.

ಕೊಡುವಾಗ ಬೆರಳು ಸಡಿಲಲಿಲ್ಲ.
ಹುಡುಗಿ ಎಳೆಯಲಿಲ್ಲ. ಕಾದಳು.
ಆಮೇಲೆ ಶೀಸೆಯ ಮೇಲೆ ಓದಿದಳು:
ವರ್ಜಿಲ್ ಕೂಂಬ್ಸ್, ದಿನಕ್ಕೆ ಎರಡು, ಊಟವಾದ ಮೇಲೆ.

ಕೆಟಲಿನ ಹಬೆಗೆ ಹಿಡಿದು, ಉಗುರಿನಿಂದ ಮೆಲ್ಲಗೆ
ಆ ಚೀಟಿಯನ್ನು ಬಿಡಿಸಿದಳು, ಹರಿಯದ ಹಾಗೆ.
ಹೆಸರು ನನ್ನ ಅಂಗೈಗೆ, ಶೀಸೆ ಚೀಲಕ್ಕೆ.
ಅಂಟು ಇನ್ನೂ ಇತ್ತು. ಅಂಗೈಗೆ ಹಿಡಿದುಕೊಂಡಿತು.

ಅವಳ ತಮ್ಮ ಕೇಳಿದ, ಬಿಸ್ಕತ್ತು ಇದೆಯಾ.
ಇತ್ತು.

ಮಂಗಳವಾರ ಹದಿನೇಳು ಕುರ್ಚಿ ಸಾಲದೆ ಬಂತು.
ಕಾಫಿ ಇವತ್ತೂ ನೀರು ನೀರು ಅಂದ ಥರ್ಮನ್.
ಹಾಗಾದರೆ ನೀನೇ ಮಾಡು ಅಂದೆ.
ಎದ್ದು ಹೋಗಿ ಮಾಡಿದ.
ಅದೂ ಹಾಗೇ ಇತ್ತು.