ಎರಡಕ್ಕೂ ಮೂರಕ್ಕೂ ನಡುವೆ

ಗಾಳಿ ಹುಟ್ಟುವುದೇ ನಮ್ಮ ಲಿಯೆಪಾಯಾದಲ್ಲಿ ಅನ್ನುತ್ತಾರೆ ಊರವರು.
ಹುಟ್ಟಿದ್ದು ಸಮುದ್ರದ ಕಡೆ ಹೋಗದೆ
ದಾಗ್ನಿಯಾಳ ಕಿಟಕಿಯ ಸಂದಿಯಲ್ಲೇ ಸುಳಿಯುತ್ತದೆ ರಾತ್ರಿಯಿಡೀ.

ಹನ್ನೊಂದು ತಿಂಗಳು.
ಹಗಲು ಮೀನು ಹರಾಜಿನ ಕಚೇರಿ,
ಯಾವ ದೋಣಿ, ಎಷ್ಟು ಪೆಟ್ಟಿಗೆ, ಕಿಲೋಗೆ ಎಷ್ಟು;
ರಾತ್ರಿ ಅದೇ ಲೆಕ್ಕವನ್ನು ಬಿಡಿಸಿ
ಮುಳ್ಳು ಮಾತ್ರ ಎತ್ತಿಟ್ಟುಕೊಳ್ಳುವ ಕೆಲಸ.
ದೋಣಿ ಬೇಡ, ಬೆಲೆ ಬೇಡ, ಮೀನೂ ಬೇಡ.
ಕೇಳಿದವರಿಗೆ ಕೇಳಿದ ಪುಟ ತೆಗೆದುಕೊಡುವ
ಆ ಎಲುಬಿನ ಸಾಲು ಸಾಕು,
ಬೇರೆಯವರು ತಮ್ಮ ತಮ್ಮ ಮಾಂಸ ತುಂಬಿಕೊಳ್ಳಲಿ.

ಹೆಸರು ಲೈಪಾ.
ಹಳ್ಳಕ್ಕೆ ಅಡ್ಡ ಹಾಕಿದ ಒಂಟಿ ಹಲಗೆಗೆ ಅವರ ಮಾತಿನಲ್ಲಿ ಹಾಗೆನ್ನುತ್ತಾರೆ.
ನಾವು ಸಂಕ ಅನ್ನುತ್ತೇವೆ.
ಹಲಗೆ ಹಾಕಿದ್ದಾಯಿತು; ದಾಟುವವರಿಗೆ ಕೈಪಿಡಿ ಬೇಕಲ್ಲ,
ಎರಡೂ ಅರ್ಥದಲ್ಲಿ.
ಐದು ಹೆಜ್ಜೆ, ಹತ್ತು ನಿಮಿಷ, ಎಂದು ಬರೆದಳು ಸರಸರನೆ.
ದಿನಾ ಹತ್ತುವ ಮೆಟ್ಟಿಲನ್ನು ಯಾರು ಎಣಿಸುತ್ತಾರೆ?

ಕೆಳಮನೆಯ ವಿಸ್ವಾಲ್ದಿಸ್‌ನನ್ನು ಕರೆದು ಕೂರಿಸಿದಳು.
ಮೂವತ್ತೆಂಟು ವರ್ಷ ಟ್ರಾಮ್ ರಿಪೇರಿ ಮಾಡಿದ ಕೈ;
ಕೀಲಿಮಣೆಯ ಮೇಲೆ ಒಂದೇ ಬೆರಳು,
ಕೋಳಿ ಕಾಳು ಹೆಕ್ಕುವ ಹಾಗೆ.
ನಡುವೆ ಮಾತಾಡಬಾರದೆಂದು ತನ್ನ ಬಾಯಿಗೆ
ರೈ ರೊಟ್ಟಿಯ ತುಂಡು ತುರುಕಿಕೊಂಡಳು ದಾಗ್ನಿಯಾ.

ಒಂದು, ಆಯಿತು.
ಎರಡು, ಆಯಿತು.
ಮೂರು: ‘ಈಗ ಇದನ್ನು ಓಡಿಸಿ.’

ಓಡಲಿಲ್ಲ.
ಮತ್ತೆ ಒತ್ತಿದ. ಕೆಂಪಕ್ಷರ.
ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ
ತುಟಿ ಅಲ್ಲಾಡಿಸುತ್ತ ಓದಿದ.
ತಪ್ಪು ತನ್ನದೇ ಇರಬೇಕೆಂದು
ಮೊದಲ ಹೆಜ್ಜೆಯಿಂದ ಮತ್ತೆ ನಡೆದ.
ಅವಳ ಗಂಟಲಲ್ಲಿ ರೊಟ್ಟಿ.
ನಲವತ್ತು ನಿಮಿಷವಾದ ಮೇಲೆ ಮುದುಕ ಕೇಳಿದ:
‘ಓಡಿಸು ಅಂತೀಯಲ್ಲ, ಎಲ್ಲಿ ನಿಂತು?’

ಎಲ್ಲಿ ನಿಂತು.
ಯಾವ ಕಡತಕೋಣೆಯೊಳಗೆ ನಿಂತು ಆಜ್ಞೆ ಕೊಡಬೇಕೆಂದು
ಅವಳು ಬರೆದೇ ಇರಲಿಲ್ಲ.
ಹನ್ನೊಂದು ತಿಂಗಳು ಅದೇ ಕೋಣೆಯಲ್ಲಿದ್ದವಳಿಗೆ
ಅದೊಂದು ಕೋಣೆ ಅನ್ನುವುದೇ ಮರೆತಿತ್ತು.

‘ಡಿಪೋಗೆ ಹೊಸ ಹುಡುಗ ಬಂದರೆ,’ ಅಂದ ವಿಸ್ವಾಲ್ದಿಸ್,
‘ಸ್ಪ್ಯಾನರ್ ಕೊಡುವ ಮೊದಲು ಹೇಳುತ್ತಿದ್ದುದು ಇಷ್ಟೇ:
ಕಾಲಡಿ ನೋಡ್ಕೋ, ಹಳಿ ಮೇಲೆ ನಿಂತಿದ್ದೀಯಾ ಹೇಗೆ.’

ಒಂದು ಸಾಲು ಸೇರಿತು.
ಪರದೆಯ ಮೇಲೆ ‘ಸ್ವೇಯ್ಕಿ’ ಎಂದು ನಮಸ್ಕಾರ ಮೂಡಿದಾಗ
ಯಾರು ಬಂದರೆಂದು ಅವನು ಬಾಗಿಲ ಕಡೆ ತಿರುಗಿ ನೋಡಿದ.

ಮಾರನೆಯ ರಾತ್ರಿ ಬಿಟ್ಟುಕೊಟ್ಟಳು.
ಯಾರು ಬೇಕಾದರೂ ಒಯ್ಯಲಿ, ಒಡೆಯಲಿ, ತಿದ್ದಲಿ,
ಮಾರಿಕೊಂಡರೂ ಸರಿ, ಹೆಸರೊಂದು ಉಳಿಸಿದರೆ ಸಾಕು
ಎಂಬ ಪರವಾನಗಿ ಅಂಟಿಸಿ.
ಕೆಟಲ್ ಶಿಳ್ಳೆ ಹಾಕುವಷ್ಟರಲ್ಲಿ
ಅದು ಅವಳದಾಗಿ ಉಳಿದಿರಲಿಲ್ಲ, ಇನ್ನೂ ಯಾರದೂ ಆಗಿರಲಿಲ್ಲ.

ಲಿಂಡೆನ್ ಮರ ಚಿಗುರುವ ಹೊತ್ತಿಗೆ ಮೊದಲ ತಿದ್ದುಪಡಿ,
ಘಾನಾದ ಕುಮಾಸಿಯಿಂದ, ಅಫ್ರಿಯೆ ಎಂಬವಳಿಂದ.
ನರ್ಸಿಂಗ್ ಓದುತ್ತಾಳಂತೆ; ಯಾರ ರಕ್ತ ಯಾವ ಗುಂಪು,
ರಾತ್ರಿ ಎರಡಕ್ಕೆ ಕರೆದರೆ ಯಾರು ಎದ್ದು ಬರುತ್ತಾರೆ,
ಆ ಪಟ್ಟಿಗೊಂದು ಪುಟ ಕಟ್ಟಲು ಹೊರಟವಳು.
ಬರೆದಿದ್ದಳು: ‘ಎರಡನೆಯ ಹೆಜ್ಜೆಯಲ್ಲಿ ನೆಟ್ ಕಡಿದರೆ
ಅರ್ಧ ಇಳಿದದ್ದು ಅಲ್ಲೇ ಕೂತು ಮೂರಕ್ಕೆ ಬಿಡುವುದಿಲ್ಲ.
ಅಳಿಸಿ ಮತ್ತೆ ಶುರುಮಾಡಿ ಎಂದು ಸೇರಿಸಿದ್ದೇನೆ.
ನಮ್ಮಲ್ಲಿ ಕಡಿಯುತ್ತದೆ.’

ಇದು ಲೈಪಾದ ತಪ್ಪಲ್ಲ, ತಂತಿಯ ತಪ್ಪು,
ಎಂದು ಉತ್ತರ ಟೈಪಿಸುತ್ತಿದ್ದವಳು ನಿಂತಳು.
ಬಗ್ಗಿ, ಇಳಿಯುವುದು ಅರ್ಧ ಆಗಿದ್ದಾಗ
ಗೋಡೆಯಿಂದ ಕೇಬಲ್ ಕಿತ್ತಳು.
ಹೌದು. ಬಿಡುವುದಿಲ್ಲ.

ಐದು ಹೆಜ್ಜೆ ಏಳಾಯಿತು.
ಹತ್ತು ನಿಮಿಷ ಎಂಬುದನ್ನು ಹೊಡೆದುಹಾಕಿ
‘ಒಂದು ಸಂಜೆ’ ಎಂದು ಬರೆದಳು.
ಕೆಳಗೆ, ಕಟ್ಟಿದವರ ಪಟ್ಟಿಯಲ್ಲಿ, ಅಫ್ರಿಯೆ, ಆಮೇಲೆ ವಿಸ್ವಾಲ್ದಿಸ್.

ತೋರಿಸಿದರೆ ಅವನು ನಂಬಲಿಲ್ಲ.
‘ನಾನೇನು ಕಟ್ಟಿದೆ? ದಾರಿ ತಪ್ಪಿದೆ, ಅಷ್ಟೇ.’
ಆಗಲೇ ಬೀದಿಯಲ್ಲಿ ಕೊನೆಯ ಟ್ರಾಮ್ ಹೋಯಿತು.
ಮುದುಕ ಕಿವಿಗೊಟ್ಟು ಕೂತ.
‘ಹಿಂದಿನ ಗಾಲಿ ಸವೆದಿದೆ,’ ಅಂದ,
‘ಯಾರಾದರೂ ಅವರಿಗೆ ಹೇಳಬೇಕು.’